ಮರುಳಸಿದ್ದಪ್ಪನ ಮುಯ್ಯಾಳು

ನರಸಿಂಹರಾಜಪುರದ ಅಡಿಕೆ ಮಂಡಿ ಮಲ್ಲೇಶಪ್ಪನವರ ಒಬ್ಬನೇ ಮಗ ಮರುಳಸಿದ್ದಪ್ಪ, ಸಮಾಜಸೇವೆಯಲ್ಲಿ ಡಾಕ್ಟರೇಟ್ ಮಾಡುವುದಕ್ಕೆ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಹಾಕಿದ್ದಾನೆ ಎಂಬ ಸುದ್ದಿ ಹಬ್ಬಿದ ದಿನ, ನಮ್ಮ ಬೀದಿಯ ಒಂದು ಮನೆಯಲ್ಲೂ ಸಾರು ಹದವಾಗಿರಲಿಲ್ಲ. ಹೆಂಗಸರೆಲ್ಲ ಒಲೆಯನ್ನು ಅದರ ಪಾಡಿಗೆ ಬಿಟ್ಟು ಜಗುಲಿಗೆ ಬಂದಿದ್ದರು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ನಾನು ಅಲ್ಲಿನ ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು, ಮಲ್ಲೇಶಪ್ಪನವರ ಎದುರು ಮನೆಯವನು. ಆದ್ದರಿಂದ ನಾನು ಹೇಳುವುದನ್ನು ಕಣ್ಣಾರೆ ಕಂಡವನ ಮಾತು ಎಂದು ನಂಬಬೇಕು.

ಡಾಕ್ಟರ್ ಎಂದರೆ ಗುಳಿಗೆ ಕೊಡುವವನಲ್ಲ, ಇದು ಬೇರೆ ಎಂದು ಊರಿಗೆ ತಿಳಿಸಿ ಹೇಳುವುದಕ್ಕೆ ಒಂದೇ ಸಂಜೆ ಸಾಕಾಯಿತು. ನಮ್ಮ ಜನ ಅಷ್ಟು ದಡ್ಡರಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ.

ಮರುಳಸಿದ್ದಪ್ಪ ಮೈಸೂರಿನಲ್ಲಿ ಎಂ.ಎ. ಮಾಡಿದ್ದ. ಬೊಂಬಾಯಿಗೆ ಹೋಗಿ ಸಮಾಜಸೇವೆಯ ಪಾಠವನ್ನೂ ಕಲಿತು ಬಂದಿದ್ದ. ಬಡತನದ ಮೇಲೆ ಎರಡು ಗಂಟೆ ಮಾತಾಡಬಲ್ಲವನಾಗಿದ್ದ. ಆದರೆ ಹುಟ್ಟಿದಾರಭ್ಯ ಯಾರದಾದರೂ ಒಂದು ಕೊಡ ನೀರನ್ನು ಎತ್ತಿ ಕೊಟ್ಟವನಲ್ಲ. ತಾನು ಉಂಡ ಎಲೆಯನ್ನು ತಾನೇ ಎತ್ತಿದ್ದನ್ನೂ ನಾನು ಕಾಣೆ. ಈ ಸಂಗತಿ ಅಮೆರಿಕದವರಿಗೆ ಅಷ್ಟು ದೂರದಿಂದ ಹೇಗೆ ಗೊತ್ತಾಯಿತೋ, ಅವರ ಮೊದಲ ಕಾಗದದಲ್ಲೇ ಹೀಗೆ ಬರೆದಿದ್ದರು: "ನಿಮ್ಮ ಓದು ಚೆನ್ನಾಗಿದೆ. ಆದರೆ ನೀವು ಸ್ವತಃ ಸೇವೆ ಮಾಡಿದ್ದಕ್ಕೆ ಆಧಾರ ಕಾಣುವುದಿಲ್ಲ. ಪ್ರತಿಫಲ ಕೊಡದೆ ನಿಮ್ಮಿಂದ ನೆರವು ಪಡೆದವರ ಹೇಳಿಕೆಗಳನ್ನು, ಅಲ್ಲಿನ ಸರ್ಕಾರಿ ಅಧಿಕಾರಿಯೊಬ್ಬರ ರುಜುವಿನೊಂದಿಗೆ ಕಳಿಸಿರಿ. ಅನಂತರ ತೀರ್ಮಾನಿಸುತ್ತೇವೆ."

ಮಲ್ಲೇಶಪ್ಪನವರು ಕೊಟ್ಟ ಮಾತಿಗೆ ತಪ್ಪದ ಮನುಷ್ಯ. "ದೀಪಾವಳಿ ಅಂಗಡಿ ಪೂಜೆಯೊಳಗೆ ಅವರು ಕರೆದರೆ ಹೋಗು. ಕರೆಯದಿದ್ದರೆ ಮಂಡಿಯಲ್ಲಿ ನನ್ನ ಪಕ್ಕ ಬಂದು ಕೂತ್ಕೋ. ಮತ್ತೆ ಅಮೆರಿಕ ಅನ್ನಕೂಡದು" ಎಂದರು.

ತಾಯಿ ಸರ್ವಮಂಗಳಮ್ಮನವರಿಗೆ ಈ ಕರಾರೂ ಒಪ್ಪಿಗೆಯಿರಲಿಲ್ಲ. "ಸಮುದ್ರ ದಾಟಿ ಹೋದೋರು ತಿರುಗಿ ಬಂದಿದ್ದು ನಾ ಕಂಡಿಲ್ಲ" ಎಂದರು.

"ಹೋಗಿದ್ದು ಕಂಡಿದೀಯ?" ಎಂದರು ಮಲ್ಲೇಶಪ್ಪನವರು.

"ಅದೂ ಕಂಡಿಲ್ಲ. ಅದಕ್ಕೇ ಹೇಳ್ತಿರೋದು" ಎಂದು ಆಕೆ ಒಳಗೆ ಹೋದರು.

ಮರುದಿನವೇ ಮರುಳಸಿದ್ದಪ್ಪ ಸೇವೆಗೆ ಇಳಿದ. ಮೊದಲು ಸಿಕ್ಕಿದವರು ಪಕ್ಕದ ಮನೆ ಸೀತಕ್ಕ. ಸೊಂಟ ನೋವಿನ ಹೆಂಗಸು, ಬಾವಿಯಿಂದ ನೀರು ಹೊತ್ತು ತರುತ್ತಿದ್ದರು. ಇವನು ಓಡಿಹೋಗಿ ಕೊಡವನ್ನು ಕಿತ್ತುಕೊಂಡ. ಆಕೆ ಹೆದರಿ ಕೂಗಿಕೊಂಡರು, ಆಮೇಲೆ ಗುರುತು ಹಿಡಿದು ಸುಮ್ಮನಾದರು. ಬಚ್ಚಲ ಹಂಡೆ ತುಂಬಿಸಿ, ಬಟ್ಟೆಯೆಲ್ಲ ನೆನೆಸಿಕೊಂಡು, ಬುದ್ಧನ ಹಾಗೆ ಮುಗುಳ್ನಗುತ್ತ ಮನೆಗೆ ಬಂದ. ಸಂಜೆ ನೋಡಿದರೆ ಸೀತಕ್ಕ ಇವರ ಅಡುಗೆಮನೆಯ ಒರಳಿನ ಮುಂದೆ ಕೂತು ದೋಸೆಗೆ ಅರೆಯುತ್ತಿದ್ದಾರೆ.

"ಯಾರು ಹೇಳಿದ್ದು ಅರೆಯೋಕೆ?" ಎಂದು ಇವನು ಗಾಬರಿಯಾದ.

"ಯಾರು ಹೇಳ್ಬೇಕು? ಬೆಳಿಗ್ಗೆ ನೀ ನನ್ ಮನೇಲಿ ಮಾಡ್ದೆ, ಸಂಜೆ ನಾ ನಿನ್ ಮನೇಲಿ ಮಾಡ್ದೆ. ಆಯ್ತಲ್ಲ" ಎಂದರು ಸೀತಕ್ಕ.

ಅವನು ಪಟ್ಟು ಬಿಡಲಿಲ್ಲ. ಮರುದಿನವೂ ನೀರು ಹೊತ್ತ, ಅದರ ಮರುದಿನವೂ ಹೊತ್ತ. ಅವರೂ ಬಿಡಲಿಲ್ಲ. ಆ ವಾರವೆಲ್ಲ ನಮ್ಮ ಬೀದಿಗೆ ಮಲ್ಲೇಶಪ್ಪನವರ ಮನೆಯ ದೋಸೆ. ನನಗೇನೂ ತಕರಾರಿರಲಿಲ್ಲ. ಕೊನೆಗೆ ಮರುಳಸಿದ್ದಪ್ಪ ಹೇಳಿಕೆಯ ಕಾಗದ ಹಿಡಿದು ಹೋದಾಗ ಸೀತಕ್ಕ ಅದನ್ನು ನನ್ನಿಂದ ಓದಿಸಿ ಕೇಳಿ, ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಸುಮ್ನೆ ನೀರು ಹೊರಿಸ್ಕಂಡೆ ಅಂತ ನಾ ಬರೆದುಕೊಡ್ಬೇಕಾ? ಅರೆದ ಕೈ ಯಾರದು ಮಾರಾಯ? ಊರು ಹೋಗ್ಲಿ, ಅಮೆರಿಕದೋರು ನನ್ ಬಗ್ಗೆ ಎಂತ ಅಂದ್ಕಂಡಾರು?"

ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಒಂದು ಮಾತು. ಇಂದು ನೀವು ನನ್ನ ಗದ್ದೆಗೆ ಒಂದು ದಿನ ಬಂದರೆ ನಾಳೆ ನಾನು ನಿಮ್ಮ ಗದ್ದೆಗೆ ಒಂದು ದಿನ ಬರಲೇಬೇಕು. ಅದಕ್ಕೆ ಮುಯ್ಯಿ ಎನ್ನುತ್ತಾರೆ. ಹಾಗೆ ಬಂದವನು ಮುಯ್ಯಾಳು. ಒಬ್ಬರ ಒಂದು ದಿನದ ದುಡಿಮೆ ಒಂದು ಆಳು ಎಂದು ಲೆಕ್ಕ. ಅದನ್ನು ತೀರಿಸದವನಿಗೆ ಹೆಣ್ಣು ಕೊಡುವವರು ಸಿಗುವುದೂ ಕಷ್ಟ. ಇಂಥ ಸೀಮೆಯಲ್ಲಿ ನಮ್ಮ ಮರುಳಸಿದ್ದಪ್ಪ, ಬದಲಿಗೆ ಏನೂ ಮಾಡದೆ ನೆರವು ತೆಗೆದುಕೊಂಡವರನ್ನು ಹುಡುಕಿ ಹೊರಟಿದ್ದ.

"ಗುರುತಿಲ್ಲದ ಊರು ಬೇಕು ಮೇಷ್ಟ್ರೆ. ಗುರುತಿದ್ದೋರು ತೀರಿಸಿಬಿಡ್ತಾರೆ" ಎಂದ. ಶೃಂಗೇರಿ ಬಸ್ಸು ಹತ್ತಿದ. ಶೃಂಗೇರಿಯ ಹತ್ತಿರದ ಮೆಣಸೆಯಲ್ಲಿ ರಂಗಪ್ಪಗೌಡರೆಂಬವರ ಮನೆಮಂದಿಯೆಲ್ಲ ಚಳಿಜ್ವರ ಬಂದು ಮಲಗಿದ್ದಾರೆ, ನಾಟಿ ನಿಂತುಹೋಗಿದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರಂತೆ. "ಹೌದೇ? ಒಳ್ಳೆಯದಾಯಿತು" ಎಂದುಬಿಟ್ಟನಂತೆ. ಹೇಳಿದವರು ಎದ್ದು ಬೇರೆ ಸೀಟಿಗೆ ಹೋದರಂತೆ.

ಶನಿವಾರ ಸ್ಕೂಲು ಬಿಟ್ಟಮೇಲೆ ನಾನೂ ಹೇಳಿಕೆಯ ಕಾಗದಗಳನ್ನು ಬರೆದುಕೊಂಡು ಮೆಣಸೆಗೆ ಹೋದೆ. ನಮ್ಮ ಎಂ.ಎ. ಪದವೀಧರ ಗದ್ದೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ನಿಂತಿದ್ದ. ರಂಗಪ್ಪನ ಗದ್ದೆ ಮುಗಿಸಿ ಆಚೀಚೆ ಮನೆಯವರ ಗದ್ದೆಗಳಿಗೂ ದಾಳಿಯಿಟ್ಟಿದ್ದ. ಅವನು ನೆಟ್ಟ ಸಸಿಗಳು ಸ್ವಲ್ಪ ಹೊತ್ತಿಗೆ ಬೇರು ಮೇಲೆ ಮಾಡಿಕೊಂಡು ನೀರಿನಲ್ಲಿ ತೇಲುತ್ತಿದ್ದವು. ಹಿಂದೆ ಇಬ್ಬರು ಹೆಂಗಸರು ಬರುತ್ತ, ಅವನು ನೋಡದಂತೆ ಮತ್ತೆ ನೆಡುತ್ತಿದ್ದರು. ಅವನ ಮುಖದಲ್ಲಿ ಮಾತ್ರ ಎಂಥ ಸಂತೋಷ. ಅವನು ಅಷ್ಟು ಸಂತೋಷವಾಗಿದ್ದುದನ್ನು ನಾನು ಮೊದಲು ಕಂಡಿರಲಿಲ್ಲ.

ರಂಗಪ್ಪಗೌಡರು ಜ್ವರ ಬಿಟ್ಟು ಎದ್ದು, ಕಂಬಳಿ ಹೊದ್ದು ಜಗುಲಿಯಲ್ಲಿ ಕೂತಿದ್ದರು. ನಾನು ಕಾಗದ ತೆಗೆದು, ಅದಕ್ಕೆ ಕೊಪ್ಪದ ಅಮಲ್ದಾರರ ರುಜು ಹಾಕಿಸಬೇಕೆಂದೆ.

"ಎಂತ ಬರ್ದಿದೀರಿ ಮೇಷ್ಟ್ರೆ?"

"ಮರುಳಸಿದ್ದಪ್ಪ ಕೂಲಿಯಿಲ್ಲದೆ, ಬದಲಿಗೆ ಏನೂ ತಗೊಳ್ಳದೆ ನಿಮ್ಮ ಗದ್ದೇಲಿ ಕೆಲಸ ಮಾಡಿದ ಅಂತ."

"ಅಂದ್ರೆ ಬಿಟ್ಟಿ."

"ಬಿಟ್ಟಿ ಅಲ್ಲ ಗೌಡ್ರೆ, ಸೇವೆ."

"ಕೂಲಿ ಉಂಟಾ?"

"ಇಲ್ಲ."

"ಮುಯ್ಯಿ ಉಂಟಾ?"

"ಇಲ್ಲ."

"ಹಂಗಾರೆ ಬಿಟ್ಟಿನೇ. ಪೇಟೆ ಸಾಹುಕಾರ್ರ ಮಗನ್ನ ಹಿಡಿದು ಬಿಟ್ಟಿ ಚಾಕರಿ ಮಾಡಿಸ್ದೆ ಅಂತ ನಾನೇ ಬರೆದು, ಅದಕ್ಕೆ ಕೊಪ್ಪದ ಅಮಲ್ದಾರ್ರ ರುಜು ಬೇರೆ. ನನ್ ಕೈಲೇ ಬರೆಸಿ ನನ್ನೇ ಹಿಡಿಸ್ತೀರಾ?"

ಆಗ ಅಮಲ್ದಾರರೆಂದರೆ, ಈಗಿನ ತಹಸೀಲ್ದಾರರು, ಸರ್ಕಾರದ ಲೆವಿ ಅಕ್ಕಿಗೆ ರೈತರ ಕಣಜ ಕೆರೆಯುವವರು. ಗೌಡರು ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಮರುಳಸಿದ್ದಪ್ಪ ನಡುವೆ ಬಾಯಿ ಹಾಕಿ ಕೆಡಿಸಿದ. "ನನಗೆ ವಾಪಸ್ಸು ಏನೂ ಬೇಡ ಗೌಡ್ರೆ. ನಿಮ್ಮ ಆಳು ಬೇಡವೇ ಬೇಡ" ಎಂದ.

ರಂಗಪ್ಪನ ಮುಖ ಕೆಂಪಾಯಿತು. "ಯಾಕೆ? ನಮ್ಮನೆ ಆಳು ನಿಮ್ಮನೆ ಬಾಗಿಲಿಗೆ ಆಗದಷ್ಟು ಕೆಟ್ಟೋಯ್ತಾ? ನಿಮ್ಮಲ್ಲಿ ನಾಟಿ ಯಾವಾಗ ಹೇಳು."

"ನಮಗೆ ಗದ್ದೆಯೇ ಇಲ್ಲ."

ಗೌಡರು ಕಂಬಳಿಯನ್ನು ಸರಿಮಾಡಿಕೊಂಡರು. "ಗದ್ದೆ ಇಲ್ದೋನು ಮತ್ತೊಬ್ರ ನಾಟಿಗೆ ಎಂತಕ್ಕೆ ಬಂದೆ ಮಾರಾಯ? ಈಗ ನಾವು ಇದನ್ನ ಎಲ್ಲಿ ತೀರಿಸಾದು?" ಎಂದರು. ಆ ಧ್ವನಿಯಲ್ಲಿ ನಿಜವಾದ ಸಂಕಟವಿತ್ತು. ನಾವು ರುಜುವಿಲ್ಲದ ಕಾಗದಗಳನ್ನು ಮಡಚಿಕೊಂಡು ಹಿಂತಿರುಗಿದೆವು.

ಇನ್ನು ಉಳಿದದ್ದು ಅಮಲ್ದಾರರು. ನಾನೇ ಕೊಪ್ಪಕ್ಕೆ ಹೋಗಿ ಕೈಮುಗಿದೆ. ಅವರು ನೇರ ಮನುಷ್ಯ. "ಕಾಣದ್ದಕ್ಕೆ ನಾನು ರುಜು ಹಾಕೋದಿಲ್ಲ. ಸೋಮವಾರ ನಿಮ್ಮ ಊರಿಗೆ ಬರೋದಿದೆ. ಹುಡುಗನನ್ನು ಮನೆಯಲ್ಲೇ ನೋಡ್ತೇನೆ, ಬೀದಿಯವರನ್ನ ವಿಚಾರಿಸ್ತೇನೆ. ಕಂಡದ್ದನ್ನ ಬರೆದುಕೊಡ್ತೇನೆ" ಎಂದರು. ಮರುಳಸಿದ್ದಪ್ಪ ಖಾದಿ ಕೋಟನ್ನು ಒಗೆಸಿ ಇಸ್ತ್ರಿ ಮಾಡಿಸಿಟ್ಟುಕೊಂಡ. ಸಾಕ್ಷಿ ಹೇಳುವವರ ಪೈಕಿ ಒಬ್ಬರಾದರೂ ಬಾಯಿ ತಪ್ಪಿ ಒಳ್ಳೆಯ ಮಾತಾಡಿಯಾರು ಎಂಬುದು ನಮ್ಮ ಆಸೆ.

ಸೋಮವಾರ ಬೆಳಗಿನ ಬಸ್ಸಿನಿಂದ ಅಮಲ್ದಾರರು ಇಳಿಯಲಿಲ್ಲ. ಇಳಿದದ್ದು ಮೆಣಸೆ.

ಮೆಣಸೆ ಎಂದರೆ ಮೆಣಸೆಯೇ. ಮೊದಲು ರಂಗಪ್ಪಗೌಡರು, ಆಮೇಲೆ ಅವರ ತಮ್ಮಂದಿರು, ನೆರೆಹೊರೆಯವರು, ಹಿಂದೆ ಹೆಂಗಸರು. ಕೈಯಲ್ಲಿ ಕತ್ತಿ, ಗುದ್ದಲಿ, ಏಣಿಗೆ ಹಗ್ಗ. ರೇಷನ್ನಿನ ಕಾಲವೆಂದು ತಮ್ಮ ತಮ್ಮ ಅಕ್ಕಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. "ನಾಟಿ ಮುಗೀತು, ತೀರಿಸಿ ಹೋಗಾಣ ಅಂತ ಬಂದ್ವಿ" ಎಂದು ರಂಗಪ್ಪ ಜಗುಲಿಯ ಮೇಲಿದ್ದ ಸರ್ವಮಂಗಳಮ್ಮನವರಿಗೆ ಹೇಳಿದರು. "ಗದ್ದೆ ಇಲ್ಲ ಅಂದ. ಇರ್ಲಿ, ಮನೆ ಉಂಟಲ್ಲ."

ಮರುಳಸಿದ್ದಪ್ಪ ಅಡ್ಡ ನಿಂತ. ಅವನನ್ನು ಎತ್ತಿ ಪಕ್ಕಕ್ಕೆ ಇಟ್ಟರು. ಗಳಿಗೆಯಲ್ಲಿ ಹಿತ್ತಿಲಲ್ಲಿ ಸೌದೆ ಸೀಳುವ ಸದ್ದು. ಮಂಡಿಯಲ್ಲಿ ಅಡಿಕೆ ಆರಿಸುವ ಹೆಂಗಸರು. ಏಣಿ ಹಾಕಿದವರು ಮಾಡು ಹತ್ತಿ ಹೆಂಚು ಇಳಿಸತೊಡಗಿದರು. ಒಳಗೆ ಮಲ್ಲೇಶಪ್ಪನವರು ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಇದ್ದಕ್ಕಿದ್ದಂತೆ ಬೆಳಕಾಯಿತು. ಸಾಕ್ಷಾತ್ಕಾರವೇ ಆಯಿತೆಂದು ಕಣ್ಣು ತೆರೆದು ಮೇಲೆ ನೋಡಿದರೆ ಆಕಾಶ, ಆಕಾಶದಲ್ಲಿ ಮೀಸೆಯ ಒಂದು ಮುಖ.

"ಯಾರಯ್ಯ ನೀನು?"

"ಮುಯ್ಯಾಳು ಸ್ವಾಮಿ. ಹೆಂಚು ತಿರುವಿ ಹಾಕ್ತಾ ಇದೀವಿ. ನಿಮ್ ಪೂಜೆ ಸಾಗ್ಲಿ."

ಅಮಲ್ದಾರರ ಸವಾರಿ ಬಂದದ್ದು ಸರಿಯಾಗಿ ಆಗ. ಅವರು ಬೀದಿಯಲ್ಲಿ ನಿಂತು, ಹೆಂಚಿಲ್ಲದ ಮನೆಯನ್ನೂ, ಬೆವರು ಸುರಿಸುತ್ತಿದ್ದ ಜನರನ್ನೂ, ಇಸ್ತ್ರಿ ಕೋಟು ಹಾಕಿಕೊಂಡು ನಡುವೆ ನಿಂತಿದ್ದ ಸಮಾಜಸೇವಕನನ್ನೂ ನೋಡಿದರು.

"ಯಾರು ಇವರೆಲ್ಲ? ಕೂಲಿ ಏನು?" ಎಂದರು.

"ಕೂಲಿ ಇಲ್ಲ ಸ್ವಾಮಿ" ಎಂದ ಮರುಳಸಿದ್ದಪ್ಪ. ಸತ್ಯವಂತ, ಮುಂದಾಲೋಚನೆ ಇಲ್ಲ.

"ಕೂಲಿ ಇಲ್ಲದೆ ಮೆಣಸೆಯಿಂದ ಜನರನ್ನು ಎಳೆದು ತಂದು ಬಿಟ್ಟಿ ದುಡಿಸಿಕೊಳ್ತಿದ್ದೀಯ. ಇದಕ್ಕೇನಾ ಅಮೆರಿಕದಲ್ಲಿ ಸಮಾಜಸೇವೆ ಅಂತಾರೆ?"

ರಂಗಪ್ಪ ಮಾಡಿನ ಮೇಲಿನಿಂದಲೇ ಕೈಮುಗಿದರು. "ಎಳೆದು ತಂದಿಲ್ಲ ಬುದ್ಧಿ. ಅವ್ನು ಬೇಡಾ ಅಂದ, ನಾವೇ ಕೇಳ್ಲಿಲ್ಲ. ನಮಗೆ ಜ್ವರ ಬಂದಾಗ ಬಂದು ನಾಟಿ ಮಾಡ್ದ."

"ಎಂ.ಎ. ಓದಿದವನು ನಿಮ್ಮ ಗದ್ದೆ ನೆಟ್ಟನೆ? ಯಾಕೆ?"

"ಅದು ನಮಗೂ ತಿಳೀಲಿಲ್ಲ ಬುದ್ಧಿ. ಆದ್ರೆ ಬಂದಿದ್ದು ನಿಜ. ಚೆನ್ನಾಗಿ ನೆಟ್ಟ ಅಂತ ಮಾತ್ರ ನಾ ಬರೆದುಕೊಡಾದಿಲ್ಲ."

ಆ ಹೊತ್ತಿಗೆ ಸೀತಕ್ಕ ನುಗ್ಗಿದರು. ತಾನು ಎಷ್ಟು ಕೊಡಕ್ಕೆ ಎಷ್ಟು ಅರೆದೆನೆಂದು ಸರ್ಕಾರದ ಮುಂದೆ ಒಪ್ಪಿಸಿದರು. ದೋಸೆ ತಿಂದವರೆಲ್ಲ ಹೌದೆಂದರು. ಅಮಲ್ದಾರರು ಕುರ್ಚಿ ತರಿಸಿ ಕೂತು, ಒಂದು ಗಂಟೆ ವಿಚಾರಣೆ ಮಾಡಿ, ಮೆಣಸೆಯ ಅಕ್ಕಿಯ ಅನ್ನವನ್ನೂ ಉಂಡು, ಇಂಗ್ಲಿಷಿನಲ್ಲಿ ಬರೆದರು. ನಾನು ಓದಿ ಹೇಳಿದೆ. "ಅರ್ಜಿದಾರನು ಹಲವರಿಗೆ ಶ್ರಮಪಟ್ಟು ನೆರವಾದದ್ದು ನಿಜ. ಆದರೆ ನೆರವು ಪಡೆದವರೆಲ್ಲರೂ ಅದನ್ನು ಹಿಂದಿರುಗಿಸಿದ್ದಾರೆ. ಆತನು ತಡೆದರೂ ಅವರು ಕೇಳಿಲ್ಲ. ನಾನು ಇದನ್ನು ಬರೆಯುತ್ತಿರುವಾಗಲೂ ಆತನ ಮನೆಯ ಮಾಡು ಬಿಚ್ಚಿ ಹಿಂದಿರುಗಿಸುತ್ತಿದ್ದಾರೆ."

ಮರುಳಸಿದ್ದಪ್ಪ ತಲೆಯ ಮೇಲೆ ಕೈಹೊತ್ತು ಕೂತ. "ಪ್ರತಿಫಲ ಕೊಡದವರು ಬೇಕು ಅಂತ ಅವರು ಕೇಳಿದ್ದು. ಇದನ್ನ ಕಳಿಸಿದರೆ ನಾನು ಸೇವೆಯನ್ನೇ ಮಾಡಿಲ್ಲ ಅಂತ ರುಜುವಾಗತ್ತೆ. ಕಳಿಸೋದು ಬೇಡ ಮೇಷ್ಟ್ರೆ."

"ಯಾಕ್ ಬೇಡ? ಅಮಲ್ದಾರ್ರು ಕಷ್ಟಪಟ್ಟು ಬರ್ದಿದಾರೆ, ಕಳಿಸಿ ಮೇಷ್ಟ್ರೆ" ಎಂದರು ಸರ್ವಮಂಗಳಮ್ಮ. ಆ ಕಾಗದ ಮಗನನ್ನು ಮಂಡಿಯಲ್ಲೇ ಕೂರಿಸುತ್ತದೆ ಎಂದು ಅವರಿಗೆ ಪೂರ್ತಿ ನಂಬಿಕೆ. ಅಂದು ಬಡಿಸುವಾಗ ನನಗೂ ಒಂದು ಸೌಟು ಪಾಯಸ ಹೆಚ್ಚಿಗೇ ಬಿತ್ತು. ನಾನು ಕಳಿಸಿದೆ.

ಆಮೇಲೆ ಶುರುವಾಯಿತು ಕಾಯುವಿಕೆ. ಅದನ್ನು ಕಾಯುವಿಕೆ ಎನ್ನುವುದಕ್ಕಿಂತ ಜಾತ್ರೆ ಎನ್ನುವುದೇ ಸರಿ. ಶಿವಮೊಗ್ಗದ ಕಡೆಯಿಂದ ಟಪಾಲು ಬಸ್ಸಿನ ಹಾರನ್ನು ಕೇಳಿದೊಡನೆ ಮಂಡಿ ಬರಿದಾಗುತ್ತಿತ್ತು, ತೂಗುವವನು ತಕ್ಕಡಿಯನ್ನು ಹಾಗೇ ಬಿಟ್ಟು ಬರುತ್ತಿದ್ದ. ಪೋಸ್ಟ್ ಮಾಸ್ಟರ್ ನಾರಾಯಣರಾಯರು ಎಂದೂ ಇಲ್ಲದ್ದು ಪೇಟ ಸುತ್ತಿಕೊಂಡು ಕೂರತೊಡಗಿದರು. ಚೀಲ ಬಿಚ್ಚುವ ಮೊದಲು ಕೆಮ್ಮುವರು, ಬಿಚ್ಚಿದ ಮೇಲೆ ತಲೆಯಾಡಿಸುವರು. ಬೇರೆಯವರ ಕಾಗದ ಬಂದರೆ ಜನ ರಾಯರನ್ನೇ ಬೈಯುತ್ತಿದ್ದರು. ಶೃಂಗೇರಿ ಬಸ್ಸಿನ ಕಂಡಕ್ಟರ್ ದಿನವೂ ಇಳಿದು "ಬಂತಾ?" ಎಂದು ಕೇಳಿಕೊಂಡು ಹೋಗಬೇಕಿತ್ತು. ಇಲ್ಲವಾದರೆ ಕೊಪ್ಪದಲ್ಲಿ ಅಮಲ್ದಾರರ ಜವಾನ, ಮೆಣಸೆಯಲ್ಲಿ ರಂಗಪ್ಪ, ಇಬ್ಬರೂ ಬಸ್ಸನ್ನು ಮುಂದೆ ಬಿಡುತ್ತಿರಲಿಲ್ಲವಂತೆ. ನನಗೂ ಸ್ಕೂಲಿನಲ್ಲಿ ಪಾಠ ಹತ್ತುತ್ತಿರಲಿಲ್ಲ. ಮರುಳಸಿದ್ದಪ್ಪನಂತೂ ಅನ್ನಕ್ಕೆ ಮಜ್ಜಿಗೆಯೆಂದು ನೀರು ಕಲಸಿಕೊಂಡು ಉಂಡ.

ದೀಪಾವಳಿಯ ಅಂಗಡಿ ಪೂಜೆಗೆ ಮಂಡಿಯಲ್ಲಿ ಬಾಳೆಕಂಬ ಕಟ್ಟಿ, ಮಲ್ಲೇಶಪ್ಪನವರ ಪಕ್ಕದಲ್ಲಿ ಮಗನಿಗೆಂದು ಹೊಸ ಗಾದಿಯನ್ನೂ ಹಾಸಿದ್ದರು. ಮಂಗಳಾರತಿಗೆ ತಟ್ಟೆ ಎತ್ತುವ ಹೊತ್ತಿಗೆ ನಾರಾಯಣರಾಯರು ಪೇಟ ಕೈಯಲ್ಲಿ ಹಿಡಿದು ಓಡುತ್ತ ಬಂದರು. ಅವರು ಓಡಿದ್ದನ್ನು ಆ ಊರು ಆವರೆಗೆ ಕಂಡಿರಲಿಲ್ಲ. ಕಾಗದವನ್ನು ನನ್ನ ಕೈಗೆ ಕೊಟ್ಟು ಅಡಿಕೆ ಮೂಟೆಯ ಮೇಲೆ ಕುಸಿದರು.

ನಾನು ಒಡೆದೆ. ಎಲ್ಲರಿಗೂ ಕೇಳುವಂತೆ ಓದಿದೆ. "ಈ ವರ್ಷ ಅರ್ಜಿ ಹಾಕಿದವರೆಲ್ಲರೂ ತಾವು ನೂರಾರು ಜನರಿಗೆ ನೆರವಾದದ್ದಾಗಿ ಬರೆದಿದ್ದಾರೆ. ನೆರವು ಪಡೆದವರು ಬಂದು ಮನೆಯ ಮಾಡನ್ನೇ ಬಿಚ್ಚಿದರೆಂದು ಬರೆದಿರುವುದು ನಿಮ್ಮ ಅಮಲ್ದಾರರು ಮಾತ್ರ. ಆ ಜನರ ನಡುವೆ ನೀವು ಏನು ಕಲಿತಿರೆಂದು ನಾವು ಕೇಳಬೇಕಾಗಿದೆ. ನಿಮ್ಮನ್ನು ಸೇರಿಸಿಕೊಂಡಿದ್ದೇವೆ. ಫೀಸು ಇಲ್ಲ."

ಮರುಳಸಿದ್ದಪ್ಪ ನನ್ನನ್ನು ಅಪ್ಪಿಕೊಂಡ, ನಾರಾಯಣರಾಯರನ್ನು ಅಪ್ಪಿಕೊಂಡ, ಬಾಳೆಕಂಬವನ್ನೂ ಅಪ್ಪಿಕೊಂಡ. ಬೀದಿಯೆಲ್ಲ ಗದ್ದಲವೋ ಗದ್ದಲ. ಸೀತಕ್ಕ ಮಾತ್ರ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. "ಫೀಸಿಲ್ಲ ಅಂದ್ರೆ? ಬಿಟ್ಟಿ ಓದ್ತಾನಾ ಇವ್ನು?"

ನಾನು ಕೆಳಗಿನ ಸಾಲನ್ನು ಓದಿದೆ. ಫೀಸಿಗೆ ಬದಲು ಅಲ್ಲಿನ ಬಡವರ ಕೇರಿಯಲ್ಲಿ ವಾರಕ್ಕೆ ಎರಡು ದಿನ ದುಡಿಯಬೇಕು ಎಂದಿತ್ತು.

"ಹಂಗಾರೆ ಮುಯ್ಯಿ. ಹೋಗ್ಬೋದು" ಎಂದರು ಸೀತಕ್ಕ. ಮಲ್ಲೇಶಪ್ಪನವರು ಹೊಸ ಗಾದಿಯನ್ನು ತಾವೇ ಸುತ್ತಿ ಒಳಗಿಟ್ಟರು. ಮಾತು ಕೊಟ್ಟಿದ್ದರು.

ಆದರೆ ಸರ್ವಮಂಗಳಮ್ಮ ಮಾತು ಕೊಟ್ಟಿರಲಿಲ್ಲ. ಅವರು ಅಡುಗೆಮನೆಗೆ ಹೋಗಿ ಅಗಳಿ ಹಾಕಿಕೊಂಡರು. ಹಬ್ಬದ ದಿನ ಮಲ್ಲೇಶಪ್ಪನವರು ಅವಲಕ್ಕಿ ನೆನೆಸಿ ತಿಂದರು. ಮರುದಿನವೂ ಅದೇ. ಮಗ ಬಾಗಿಲ ಮುಂದೆ ಕೂತು "ಅವ್ವ, ನಾಲ್ಕು ವರ್ಷ ಅಷ್ಟೆ" ಎಂದರೆ ಒಳಗಿನಿಂದ ಮೂಗು ಏರಿಸುವ ಸದ್ದು. ಅವ್ವನನ್ನು ಅಳಿಸಿ ಹೋಗಲಾರೆನೆಂದು ಅವನೂ ಕಾಗದವನ್ನು ಮಡಚಿಟ್ಟ. ಅಷ್ಟು ಕುಣಿದ ಬೀದಿ ಒಂದೇ ದಿನದಲ್ಲಿ ಸಪ್ಪಗಾಯಿತು. ನನಗೆ ಅಳುವೇ ಬಂತು.

ಕಂಡಕ್ಟರನ ಬಾಯಿಂದ ಸುದ್ದಿ ತಿಳಿದು ರಂಗಪ್ಪಗೌಡರು ಮೂರನೆಯ ದಿನ ಬಂದಿಳಿದರು. ಸಂಗತಿ ಕೇಳಿ, ನೇರವಾಗಿ ಅಡುಗೆಮನೆಯ ಬಾಗಿಲಿಗೆ ಹೋಗಿ ಕೆಮ್ಮಿದರು.

"ಅವ್ವಾರೆ, ನಿಮ್ ಮಗನ ಮುಯ್ಯಿ ಇನ್ನೂ ತೀರಿಲ್ಲ."

"ನೀವು ಬಂದು ತೀರಿಸಿದ್ರಲ್ಲ" ಎಂದಿತು ಒಳಗಿನ ಧ್ವನಿ.

"ನಾವು ತೀರಿಸಿದ್ವಿ. ಆದ್ರೆ ಹೆಂಚಿಗೆ ಅಂತ ನಾಲ್ಕು ಆಳು ಹೆಚ್ಚಿಗೇ ಬಂದಿತ್ತು. ಅದು ಅವ್ನ ಮೇಲಿದೆ."

"ನಾಳೆಯೇ ಬಂದು ತೀರಿಸ್ತೇನೆ ಗೌಡ್ರೆ" ಎಂದ ಮರುಳಸಿದ್ದಪ್ಪ. ಬುದ್ಧಿವಂತ, ಆದರೆ ಹೊತ್ತಿಗೆ ಒದಗುವುದಿಲ್ಲ.

"ನೀ ಸುಮ್ನಿರು ಮಾರಾಯ. ಈಗ ನಮ್ಮಲ್ಲಿ ಕೆಲ್ಸ ಇಲ್ಲ. ಓದಿ ಬಂದ್ಮೇಲೆ ಬಾ."

ಒಳಗಿನಿಂದ ಹೆಜ್ಜೆ ಸದ್ದು ಬಾಗಿಲ ಹತ್ತಿರ ಬಂತು. ಸರ್ವಮಂಗಳಮ್ಮ ಕೇಳಿದರು. "ತೀರಿಸ್ದೆ ಅಲ್ಲೇ ಉಳಿಯೋಕೆ ಬರತ್ತಾ?"

"ಎಲ್ಲಾದ್ರೂ ಉಂಟಾ ಅವ್ವಾರೆ? ಮೆಣಸೆ ಬಾಕಿ ಇಟ್ಕಂಡು ಯಾರು ಉಳೀತಾರೆ?"

ಅಗಳಿ ಸರಿಯಿತು. ಸರ್ವಮಂಗಳಮ್ಮ ಹೊರಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡು, ಬೇಲಿಯ ಕಡೆಗೆ ತಿರುಗಿ ಕೂಗಿದರು. "ಸೀತಕ್ಕ, ಇವನ ಚಟ್ನಿಪುಡಿಗೆ ಕುಟ್ಟೋಕೆ ಬಾ. ನಾವು ಬಂದು ತೀರಿಸೋದಿಲ್ಲ. ಇವನೇ ತಿರುಗಿ ಬಂದು ತೀರಿಸ್ಲಿ."

ಬೀದಿಗೆ ಅರ್ಥವಾಗಲು ಅಷ್ಟೇ ಸಾಕಾಯಿತು. ಆ ತಿಂಗಳು ಅವನ ಕೈಯಿಂದ ಒಂದು ಕಡ್ಡಿಯನ್ನೂ ಎತ್ತಿಸದೆ ಎಲ್ಲರೂ ಅವನಿಗಾಗಿ ದುಡಿದರು. ಒಬ್ಬರು ಕೋಟು ಹೊಲಿದರು, ಒಬ್ಬರು ಹಪ್ಪಳ ಲಟ್ಟಿಸಿದರು. ನಾರಾಯಣರಾಯರು ಅವನ ಪೆಟ್ಟಿಗೆಗೆ ಬಣ್ಣ ಬಳಿದರು. ನಾನು ಒಂದು ಭಾನುವಾರ ಅವನ ಪುಸ್ತಕಗಳಿಗೆಲ್ಲ ರಟ್ಟು ಹಾಕಿದೆ. ಅವನು ತಡೆದ, ಬೇಡಿಕೊಂಡ, ಯಾರೂ ಕೇಳಲಿಲ್ಲ. ಪ್ರತಿಫಲ ಕೊಡದೆ ನೆರವು ತೆಗೆದುಕೊಂಡ ಮನುಷ್ಯ ಆ ತಾಲ್ಲೂಕಿನಲ್ಲಿ ಒಬ್ಬನೇ ಒಬ್ಬನಾದರೂ ಸಿಕ್ಕಿದ, ಅದು ಅವನೇ.

ಹೊರಡುವ ದಿನ ಬಸ್ಸಿನ ಸುತ್ತ ಊರೆಲ್ಲ ಸೇರಿತ್ತು. ಕೂಲಿಯವನು ಪೆಟ್ಟಿಗೆಗೆ ಕೈ ಹಾಕಿದ. ಮಲ್ಲೇಶಪ್ಪನವರು ಅವನನ್ನು ಸರಿಸಿದರು. ಜೀವಮಾನದಲ್ಲಿ ಒಂದು ಮೂಟೆಯನ್ನು ಮುಟ್ಟಿ ಎತ್ತಿದವರಲ್ಲ. ಪಂಚೆ ಎತ್ತಿ ಕಟ್ಟಿ, ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು, ಏಣಿ ಹತ್ತಿ ಬಸ್ಸಿನ ಮೇಲಿಟ್ಟು, ಏದುಸಿರು ಬಿಡುತ್ತ ಇಳಿದು ಬಂದು ಮಗನ ಮುಂದೆ ನಿಂತರು.

"ಇದೂ ಒಂದು ಆಳು" ಎಂದರು. "ನೆನಪಿರಲಿ."